ಹಬ್ಬದ ರಜೆಯಲ್ಲಿ ಮಗಳು ಮಂಕಾಗುತ್ತಾಳೆ: ಮಲತಾಯಿಯಾದ ನಾನು ಎಷ್ಟು ಮುಂದೆ ಹೋಗಬೇಕು?

ಪ್ರಶ್ನೆ (ಮೈಸೂರಿನ ಓದುಗರು)

ನನ್ನ ಪತಿಗೆ ಮೊದಲ ಮದುವೆಯಿಂದ ಹತ್ತು ವರ್ಷದ ಮಗಳಿದ್ದಾಳೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಬರೆದುಕೊಂಡಂತೆ ಅವಳು ಶಿವಮೊಗ್ಗದಲ್ಲಿ ತಾಯಿಯೊಂದಿಗಿರುತ್ತಾಳೆ. ದಸರಾ ರಜೆಯ ಅರ್ಧಭಾಗಕ್ಕೂ ದೀಪಾವಳಿಗೂ ನಮ್ಮಲ್ಲಿಗೆ ಬರುತ್ತಾಳೆ. ಬೊಂಬೆ ಕೂರಿಸುವಾಗಲೂ ದೀಪಾಲಂಕಾರ ನೋಡಲು ಹೋದಾಗಲೂ ನಗುನಗುತ್ತಲೇ ಇರುವ ಹುಡುಗಿ, ರಾತ್ರಿ ತಾಯಿಯ ಫೋನ್ ಬಂದುಹೋದ ಮೇಲೆ ಯಾರೊಂದಿಗೂ ಮಾತನಾಡುವುದಿಲ್ಲ. ಕಳೆದ ನರಕ ಚತುರ್ದಶಿಯ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಹಚ್ಚಲು ಹೋದಾಗ, ‘ಅಮ್ಮ ಅಲ್ಲಿ ಒಬ್ಬಳೇ ಇದ್ದಾಳೆ’ ಎಂದು ಎದ್ದುಹೋದಳು. ಅತ್ತೆಯವರು ಇದನ್ನು ಹಟವೆನ್ನುತ್ತಾರೆ, ಪತಿ ತಾನಾಗಿಯೇ ಸರಿಹೋಗುತ್ತದೆ ಎನ್ನುತ್ತಾರೆ. ಅವಳು ನನ್ನನ್ನು ಒಪ್ಪಿಕೊಂಡಿಲ್ಲವೆಂದು ತಿಳಿಯಬೇಕೆ?

ಉತ್ತರ 1 (ಹುಬ್ಬಳ್ಳಿಯ ಓದುಗರು)

ಹಾಗೆ ತಿಳಿಯಬೇಡಿ. ನಾನೂ ಎರಡು ಮನೆಗಳ ನಡುವೆ ರಜೆ ಕಳೆದು ಬೆಳೆದವನು. ಅಪ್ಪನ ಮನೆಯಲ್ಲಿ ಹಬ್ಬ ಚೆನ್ನಾಗಿ ಆದಷ್ಟೂ, ಅಮ್ಮನನ್ನು ಬಿಟ್ಟು ನಾನೊಬ್ಬನೇ ಸಂತೋಷಪಟ್ಟೆನಲ್ಲ ಎಂಬ ಅಳುಕು ಹೆಚ್ಚುತ್ತಿತ್ತು. ಆ ಅಳುಕನ್ನು ಮರೆಸಲು ಹಿರಿಯರು ತರುತ್ತಿದ್ದ ಹೊಸ ಬಟ್ಟೆ, ಪಟಾಕಿಗಳು ಅದನ್ನು ಇನ್ನಷ್ಟು ಭಾರವಾಗಿಸುತ್ತಿದ್ದವು. ನಿಮ್ಮ ಮಗಳು ಎದ್ದುಹೋದದ್ದು ನಿಮ್ಮ ಕೈಯನ್ನು ದೂಡಿ ಅಲ್ಲ, ತಾಯಿಯ ಜಾಗವನ್ನು ಕಾಯ್ದುಕೊಳ್ಳಲು ಎಂದೇ ನನಗೆ ತೋರುತ್ತದೆ. ಎಣ್ಣೆ ಹಚ್ಚುವ ಕೆಲಸವನ್ನು ಅಪ್ಪನಿಗೋ ಅಜ್ಜಿಗೋ ಬಿಡಿ, ಅಥವಾ ಅವಳೇ ಹಚ್ಚಿಕೊಳ್ಳಲಿ. ಫೋನ್ ಮಲಗುವ ಹೊತ್ತಿಗೆ ಬರುವ ಬದಲು ಬೆಳಿಗ್ಗೆ, ಪೂಜೆಗೆ ಮೊದಲೇ, ಅವಳೇ ಮಾಡುವಂತಾದರೆ ದಿನವಿಡೀ ಕಾಯುವ ಕಷ್ಟ ತಪ್ಪುತ್ತದೆ. ಅಪ್ಪನ ಎರಡನೆಯ ಹೆಂಡತಿ ಪ್ರತಿ ದೀಪಾವಳಿಯಲ್ಲೂ ಕರ್ಚಿಕಾಯಿಯ ಒಂದು ಡಬ್ಬಿಯನ್ನು ‘ಇದು ಅಮ್ಮನಿಗೆ’ ಎಂದು ನನ್ನ ಕೈಗೆ ಕೊಡುತ್ತಿದ್ದರು. ಅವರ ಎದುರಿಗೆ ಅಮ್ಮನ ಹೆಸರೆತ್ತಲು ನನಗೆ ಧೈರ್ಯ ಬಂದದ್ದು ಆಮೇಲೆಯೇ.

ಉತ್ತರ 2 (ದಾವಣಗೆರೆಯ ಓದುಗರು)

ಇಷ್ಟೆಲ್ಲ ಊಹಿಸುವ ಬದಲು, ಹಬ್ಬಕ್ಕೆ ಎಲ್ಲಿರಲು ಇಷ್ಟವೆಂದು ಮಗುವನ್ನೇ ಕೇಳಬಹುದಲ್ಲವೆ?

ಉತ್ತರ 3 (ಬೆಂಗಳೂರಿನ ವಕೀಲರು)

ದಯವಿಟ್ಟು ಹಾಗೆ ಕೇಳಬೇಡಿ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 17ನೇ ಕಲಮಿನಂತೆ, ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದು, ಆದರೆ ನಿರ್ಧಾರದ ಹೊಣೆ ನ್ಯಾಯಾಧೀಶರದೇ. ಮನೆಯಲ್ಲಿ ಅದೇ ಪ್ರಶ್ನೆ ಕೇಳಿದರೆ ಇಬ್ಬರಲ್ಲಿ ಒಬ್ಬರನ್ನು ನೋಯಿಸುವ ಹೊಣೆ ಮಗುವಿನ ಮೇಲೆ ಬೀಳುತ್ತದೆ. ಏನು ತಿನ್ನಬೇಕು, ಯಾವಾಗ ಅಮ್ಮನೊಡನೆ ಮಾತನಾಡಬೇಕು ಎಂಬುದನ್ನು ಬೇಕಾದರೆ ಕೇಳಿ.

ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ (1956) 6ನೇ ಕಲಮು ‘ತಂದೆ’, ‘ತಾಯಿ’ ಎಂಬಲ್ಲಿ ಮಲತಂದೆ, ಮಲತಾಯಿಯರು ಸೇರುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಇದು ಕಠಿಣವಾಗಿ ಕೇಳಿಸಬಹುದು, ಆದರೆ ವೇಳಾಪಟ್ಟಿಯ ಜಗಳ ನಿಮ್ಮದಲ್ಲವೆಂಬ ನೆಮ್ಮದಿಯೂ ಅದರಲ್ಲಿದೆ. ಶಿವಮೊಗ್ಗಕ್ಕೆ ಫೋನ್ ಮಾಡಿ ಮಾತನಾಡಬೇಕಾದವರು ನಿಮ್ಮ ಪತಿ. ದೀಪಾವಳಿ ಪ್ರತಿ ವರ್ಷವೂ ಒಂದೇ ಮನೆಗೆ ಸಲ್ಲುವುದು ನನಗೆ ಸರಿಕಾಣುವುದಿಲ್ಲ. ಇಬ್ಬರೂ ಒಪ್ಪಿದರೆ ವರ್ಷ ಬಿಟ್ಟು ವರ್ಷ ಎಂದು ಮಾಡಿಕೊಳ್ಳಬಹುದು, ಒಪ್ಪದಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ವಿಚ್ಛೇದನದ ನಂತರವೂ ಏರ್ಪಾಟಿನ ಬದಲಾವಣೆ ಕೋರಬಹುದು. ಪಾಲನೆಯ ಹಕ್ಕು ಸಿಗದ ತಂದೆ ಅಥವಾ ತಾಯಿಗೆ ಮಗುವಿನೊಂದಿಗೆ ದಿನವೂ ಐದರಿಂದ ಹತ್ತು ನಿಮಿಷ ಮಾತನಾಡುವ ಅವಕಾಶವಿರಬೇಕೆಂದು ಸುಪ್ರೀಂ ಕೋರ್ಟ್ 2020ರ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ. ರಜೆಯಲ್ಲಿ ಆ ತಾಯಿಗೂ ಅಷ್ಟು ಸಲ್ಲಬೇಕು.

ಪ್ರಶ್ನೆ ಕೇಳಿದವರು

ಫೋನಿನ ಸಮಯದ ಬಗ್ಗೆ ದಸರೆಗೆ ಮೊದಲೇ ಮಾತನಾಡಲು ಪತಿ ಒಪ್ಪಿದ್ದಾರೆ. ದೀಪಾವಳಿಯ ಮಾತೆತ್ತಲು ಇನ್ನೂ ಹಿಂಜರಿಯುತ್ತಿದ್ದಾರೆ. ಅಜ್ಜಿ ಎಣ್ಣೆ ಹಚ್ಚುವುದಕ್ಕೆ ಅತ್ತೆಯವರ ತಕರಾರಿಲ್ಲ, ಆದರೆ ಶಿವಮೊಗ್ಗಕ್ಕೆ ತಿಂಡಿ ಕಳುಹಿಸುವುದಕ್ಕೆ ಇದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ.