ಆಟದ ನಡುವೆ ಪಿಸಿ ರೀಸ್ಟಾರ್ಟ್ ಆಗುತ್ತಿದೆ: ಪ್ರೊಸೆಸರ್ ಬದಲಿಸಬೇಕೋ, ಎಸ್‌ಎಂಪಿಎಸ್ ಬದಲಿಸಬೇಕೋ?

ಪ್ರಶ್ನೆ:
ನಮಸ್ಕಾರ. ಕೋರ್ ಐ3-10100ಎಫ್ ಪ್ರೊಸೆಸರ್ ಮತ್ತು 8 ಜಿಬಿಯ ಒಂದೇ ರ‍್ಯಾಮ್ ಇರುವ ನನ್ನ ಪಿಸಿಗೆ ಕಳೆದ ತಿಂಗಳು ಆರ್‌ಟಿಎಕ್ಸ್ 3060 ಟಿಐ ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ಅಂದಿನಿಂದ ಆಟ ಶುರುವಾಗಿ ಹತ್ತು ಹದಿನೈದು ನಿಮಿಷಕ್ಕೆ ಪರದೆ ಕಪ್ಪಾಗಿ ಪಿಸಿ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಹಾಗಾಗದ ದಿನವೂ ಜನಜಂಗುಳಿಯ ದೃಶ್ಯಗಳಲ್ಲಿ ಆಟ ತಡವರಿಸುತ್ತದೆ. ಕಾರ್ಡ್ 68 ಡಿಗ್ರಿ ದಾಟಿಲ್ಲ. ವಿಂಡೋಸ್ ಹೊಸದಾಗಿ ಹಾಕಿದ್ದೂ ಆಯಿತು. ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) 500 ವ್ಯಾಟಿನದು, ಅದರ ಮೇಲೆ ಅನುಮಾನವಿಲ್ಲ. ಕೈಯಲ್ಲಿರುವ ಹಣ ಒಂದು ಭಾಗಕ್ಕೆ ಮಾತ್ರ ಸಾಲುತ್ತದೆ. ಪ್ರೊಸೆಸರ್ ಕೊಳ್ಳಲೇ?

ಉತ್ತರ:
ದಯವಿಟ್ಟು ಈಗಲೇ ಕೊಳ್ಳಬೇಡಿ. ನಿಮಗಿರುವುದು ಒಂದು ತೊಂದರೆಯಲ್ಲ, ಎರಡು. ಪ್ರೊಸೆಸರ್ ಸಾಲದಿದ್ದರೆ ಆಟ ನಿಧಾನವಾಗುತ್ತದೆಯೇ ಹೊರತು ಪಿಸಿ ಆಫ್ ಆಗುವುದಿಲ್ಲ. ನನಗೆ ಅನುಮಾನವಿರುವುದು ನೀವು ಅನುಮಾನಿಸದ ಎಸ್‌ಎಂಪಿಎಸ್ ಮೇಲೆಯೇ.

ಅದರ ಪಕ್ಕದಲ್ಲಿ ಅಂಟಿಸಿರುವ ಚೀಟಿ ಓದಿ. ದೊಡ್ಡಕ್ಷರದ 500 ಅಲ್ಲ, +12ವಿ ಸಾಲಿನ ಕೆಳಗಿರುವ ಆಂಪಿಯರ್ ಬೇಕು. ಅದನ್ನು 12ರಿಂದ ಗುಣಿಸಿ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಮುಖ್ಯವಾಗಿ ಆ ಸಾಲಿನಿಂದಲೇ ವಿದ್ಯುತ್ ಪಡೆಯುತ್ತವೆ. ಆಮೇಲೆ ಕಾರ್ಡನ್ನು ನಿಯಂತ್ರಿಸುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿ) ಶೇ. 70ಕ್ಕೆ ಇಳಿಸಿ ಒಂದು ಗಂಟೆ ಆಡಿ. ಕಾರ್ಡಿಗೆ ವಿದ್ಯುತ್ ಯಾವ ಕೇಬಲ್‌ನಿಂದ ಹೋಗುತ್ತಿದೆ ಎಂಬುದನ್ನೂ ತಿಳಿಸಿ.

ಪ್ರಶ್ನಿಸಿದವರು:
ಚೀಟಿಯಲ್ಲಿ 24 ಆಂಪಿಯರ್ ಎಂದಿದೆ. ಲಿಮಿಟ್ ಇಳಿಸಿ ಎರಡು ಗಂಟೆ ಆಡಿದೆ, ಒಮ್ಮೆಯೂ ಆಫ್ ಆಗಲಿಲ್ಲ. ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಬೇಕಾದ 8 ಪಿನ್ ಕೇಬಲ್ ಇರಲಿಲ್ಲ, ಎರಡು ಮೋಲೆಕ್ಸ್ (ಡಿಸ್ಕ್, ಫ್ಯಾನ್‌ಗಳಿಗೆಂದು ಇರುವ ನಾಲ್ಕು ಪಿನ್ ಕನೆಕ್ಟರ್) ಸೇರಿಸುವ ಅಡಾಪ್ಟರ್ ಹಾಕಿದ್ದೆ. ಇವತ್ತು ಬಿಚ್ಚಿ ನೋಡಿದರೆ ಹಳದಿ ತಂತಿ ಸೇರುವ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ.

ಉತ್ತರ:
ಆ ಅಡಾಪ್ಟರ್ ಅನ್ನು ಮತ್ತೆ ಹಾಕಬೇಡಿ. ಬೆಂಕಿ ಹತ್ತಿಕೊಳ್ಳುವ ಅಪಾಯವಿದೆ. ಹೊಸ ಎಸ್‌ಎಂಪಿಎಸ್ ಬರುವವರೆಗೆ ಆಟ ನಿಲ್ಲಿಸಿ.

ಲೆಕ್ಕ ನೋಡಿ: 24 ಆಂಪಿಯರ್ ಎಂದರೆ 288 ವ್ಯಾಟ್. ಕಾರ್ಡ್ ಒಂದಕ್ಕೇ 200, ಪ್ರೊಸೆಸರ್‌ಗೆ 65, ಮೇಲೆ ಫ್ಯಾನ್, ಡಿಸ್ಕ್. ಸರಾಸರಿಯಲ್ಲೇ ಉಸಿರುಗಟ್ಟುವ ಸ್ಥಿತಿ. ಅದರ ಜೊತೆಗೆ ಈ ಕಾರ್ಡ್‌ಗಳು ಕೆಲವು ಮಿಲಿಸೆಕೆಂಡುಗಳ ಕಾಲ 200 ವ್ಯಾಟನ್ನು ಬಹಳವೇ ಮೀರಿ ಎಳೆಯುತ್ತವೆ. ಆ ಕ್ಷಣದಲ್ಲಿ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಎನ್‌ವಿಡಿಯಾ ಈ ಕಾರ್ಡಿಗೆ 600 ವ್ಯಾಟ್ ಸೂಚಿಸುತ್ತದೆ. 12 ವೋಲ್ಟ್ ಸಾಲಿನಲ್ಲಿ ಹೆಚ್ಚುಕಡಿಮೆ ಅಷ್ಟನ್ನೂ ಕೊಡುವ, ತನ್ನದೇ 8 ಪಿನ್ ಕೇಬಲ್ ಇರುವ 650 ವ್ಯಾಟಿನದನ್ನು ತೆಗೆದುಕೊಳ್ಳಿ. 80 ಪ್ಲಸ್ ಗುರುತು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು, ಗುಣಮಟ್ಟವನ್ನಲ್ಲ.

ತಡವರಿಸುವುದು ಬೇರೆ ವಿಷಯ. ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಅದೇ ದೃಶ್ಯದಲ್ಲಿ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರದಿದ್ದರೆ ಅಡ್ಡಿ ಕಾರ್ಡಿನದಲ್ಲ. ಆಗಲೂ ಮೊದಲು ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿ ಡ್ಯುಯಲ್ ಚಾನೆಲ್ (ಎರಡೂ ಒಟ್ಟಿಗೆ ಕೆಲಸ ಮಾಡುವಂತೆ) ಮಾಡಿ. ಅದರಿಂದಲೂ ಆಗದಿದ್ದರೆ ಇದೇ ಬೋರ್ಡಿಗೆ ಆರು ಕೋರಿನ ಐ5-10400ಎಫ್ ಕೂರುತ್ತದೆ.

ಪ್ರಶ್ನಿಸಿದವರು:
650 ವ್ಯಾಟಿನದು ಹಾಕಿ ನಾಲ್ಕು ದಿನವಾಯಿತು. ಲಿಮಿಟ್ 100ರಲ್ಲೇ ಆಡುತ್ತಿದ್ದೇನೆ, ಒಮ್ಮೆಯೂ ಆಫ್ ಆಗಿಲ್ಲ. ರೆಸಲ್ಯೂಶನ್ ಇಳಿಸಿದರೂ ಫ್ರೇಮ್ ಏರಲಿಲ್ಲ. ಮುಂದಿನ ತಿಂಗಳು ರ‍್ಯಾಮ್ ಹಾಕಿ ಇಲ್ಲೇ ತಿಳಿಸುತ್ತೇನೆ.