ಎರಡು ದಿನದ ಚಾರ್ಲ್ಸ್‌ಟನ್: ಅಪ್ಪನಿಗೆ ಕೋಟೆ, ಅಮ್ಮನಿಗೆ ಊಟ, ಹೆಂಡತಿಗೆ ಫೋಟೋ

ಷಾರ್ಲಟ್ ಸೀನ: ಮೈಸೂರಿಂದ ಅಪ್ಪ ಅಮ್ಮ ಬಂದಿದಾರೆ. ನವೆಂಬರಲ್ಲಿ ಒಂದು ಶನಿವಾರ ಭಾನುವಾರ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ಗೆ ಹೊರಟಿದೀವಿ. ಅಪ್ಪನಿಗೆ ಫೋರ್ಟ್ ಸಮ್ಟರ್ ನೋಡಲೇಬೇಕಂತೆ. ಅಮ್ಮ ಮೊಟ್ಟೆನೂ ಮುಟ್ಟಲ್ಲ. ಹೆಂಡತಿಗೆ ಬೂನ್ ಹಾಲ್ ಪ್ಲಾಂಟೇಶನ್ (ಹಳೇ ಕಾಲದ ದೊಡ್ಡ ಜಮೀನ್ದಾರಿ ತೋಟ) ಅನ್ನೋ ಕಡೆ ಓಕ್ ಮರಗಳ ಸಾಲಲ್ಲಿ ಫೋಟೋ ಬೇಕು. ಹೋಗಿ ಬಂದವರು ಹೇಳಿ, ಏನು ಬಿಡಲಿ, ಏನು ನೋಡಲಿ?

ರಾಲೀ ರಾಯರು: ಸಮ್ಟರ್‌ಗೆ ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ, ಟಿಕೆಟ್ ಮೊದಲೇ ತಗೊಳ್ಳಿ. ಹೋಗಿ ಬರೋಕೆ ಅರ್ಧ ದಿನ ಇಟ್ಟುಕೊಳ್ಳಿ, ಅದರಲ್ಲಿ ಕೋಟೆ ಒಳಗೆ ಸಿಗೋದು ಒಂದು ಗಂಟೆ ಅಷ್ಟೇ. ಚಿತ್ರದುರ್ಗ ಕಂಡವರಿಗೆ ‘ಇದೂ ಒಂದು ಕೋಟೆನಾ’ ಅನ್ಸುತ್ತೆ, ಗೋಡೆಗಳು ಮುಕ್ಕಾಲುಪಾಲು ಯುದ್ಧದಲ್ಲಿ ಪುಡಿಯಾಗಿ ಹೋಗಿವೆ. ಆದರೆ ಅಪ್ಪನಿಗೆ ಕಥೆ ಹೇಳಿ ಕರ್ಕೊಂಡು ಹೋಗಿ. 1861ರ ಏಪ್ರಿಲ್ 12ರ ಬೆಳಗಿನ ಜಾವ ಅಮೆರಿಕದ ಅಂತರ್ಯುದ್ಧ ಶುರುವಾಗಿದ್ದು ಇದೇ ಕೋಟೆ ಮೇಲೆ ಗುಂಡು ಹಾರಿಸಿ. ಮೂವತ್ತನಾಲ್ಕು ಗಂಟೆ ಫಿರಂಗಿ ಹೊಡೆದರೂ ಒಂದೂ ಜೀವ ಹೋಗಲಿಲ್ಲ. ಶರಣಾದ ಮೇಲೆ ಬಾವುಟಕ್ಕೆ ಗೌರವದ ಗುಂಡು ಹಾರಿಸುವಾಗ ಮದ್ದು ಸಿಡಿದು ಸೈನಿಕ ಸತ್ತ!

ತಿಂಡಿಪೋತ: ಅಮ್ಮನ ವಿಷಯಕ್ಕೆ ಬರ್ತೀನಿ, ಅದೇ ಕಷ್ಟ. ಮೆನುವಲ್ಲಿ ‘ರೆಡ್ ರೈಸ್’ ಅಂತಿರುತ್ತೆ. ನೋಡೋಕೆ ಸಾಕ್ಷಾತ್ ಟೊಮೆಟೊ ಬಾತ್. ಅಮ್ಮ ಬಾಯಿಗಿಟ್ಟ ಮೇಲೆ ಗೊತ್ತಾಗುತ್ತೆ ಬೇಕನ್ ಇದೆ ಅಂತ. ‘ಹಾಪಿನ್ ಜಾನ್’ ಅಂದರೆ ಅಲಸಂದೆಕಾಳಿನ ಅನ್ನ, ಅದಕ್ಕೂ ಹಂದಿಮಾಂಸ. ಸೊಪ್ಪಿನ ಪಲ್ಯ ಅಂತ ಕೊಡೋ ಕಾಲರ್ಡ್‌ಗೂ ಅದೇ ಗತಿ. ‘ಮಾಂಸ ಇದೆಯಾ’ ಅಂತ ಕೇಳಬೇಡಿ, ‘ಬೇಯಿಸಿದ ನೀರು ಯಾವುದರದು’ ಅಂತ ಕೇಳಿ. ನೀವು ತಿನ್ನೋರಾದರೆ ಸಿಗಡಿ ಹಾಕಿದ ಗ್ರಿಟ್ಸ್ ಬಿಡಲೇಬೇಡಿ. ಶೀ-ಕ್ರ್ಯಾಬ್ ಸೂಪ್ ಅಂತ ಒಂದಿದೆ, ಹೆಣ್ಣು ಏಡಿಯ ಮೊಟ್ಟೆ ಹಾಕಿದ್ದು. ನನಗೆ ಕೆನೆ ಜಾಸ್ತಿ ಅನ್ನಿಸ್ತು.

ಧಾರವಾಡದಾಂವ: ಗ್ರಿಟ್ಸ್ ಅಂದ್ರ ಮತ್ತೇನಲ್ರೀ, ನಮ್ಮ ಗೋವಿನಜೋಳದ ನುಚ್ಚು. ಅದಕ್ಕ ಇಪ್ಪತ್ತು ಡಾಲರ್ ಕೊಟ್ಟು ಬಂದೇನಿ, ನಮ್ಮವ್ವಗ ಇನ್ನೂ ಹೇಳಿಲ್ಲ.

ಕುಮಟೆಯವಳು: ಸೀನ ಅವರೇ, ಹೆಂಡತಿಗೆ ಒಂದು ಮಾತು. ಆ ಓಕ್ ಸಾಲಿನ ಪಕ್ಕದಲ್ಲೇ ಇಟ್ಟಿಗೆಯ ಒಂಬತ್ತು ಗುಡಿಸಲಿವೆ, ಗುಲಾಮರು ಇದ್ದದ್ದು. ಫೋಟೋಕ್ಕೆ ಮರ ಮಾತ್ರ ಬರೋ ಹಾಗೆ ನಿಂತುಕೊಳ್ಳೋದು ನನ್ನಿಂದ ಆಗಲಿಲ್ಲ. ಅದರ ಬದಲು ಜೇಮ್ಸ್ ಐಲೆಂಡ್‌ನ ಮೆಕ್ಲಿಯಡ್ ಪ್ಲಾಂಟೇಶನ್‌ಗೆ ಹೋಗಿ, ಅಲ್ಲಿ ಗೈಡ್‌ಗಳು ದುಡಿದವರ ಕಥೆಯನ್ನೇ ಹೇಳ್ತಾರೆ.

ಧಾರವಾಡದಾಂವ: ಅಕ್ಕಾರ, ರಜಾ ಕಳ್ಯಾಕ ಹೋದವರಿಗೆ ಇದೇನ್ರೀ? ಬೇಲೂರಿಗೆ ಹೋದಾಗ ಕಲ್ಲು ಹೊತ್ತವರ್ಯಾರು ಅಂತ ಯಾರಾದ್ರೂ ಕೇಳ್ತಾರೇನು?

ಕುಮಟೆಯವಳು: ಕೇಳಬೇಕಿತ್ತು, ಒಪ್ಪಿದೆ. ಆದರೆ ಬೇಲೂರಲ್ಲಿ ಕೆತ್ತಿದವರು ತಮ್ಮ ಹೆಸರನ್ನು ಕಲ್ಲಲ್ಲೇ ಬರೆದುಕೊಂಡಿದಾರೆ, ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಚಾರ್ಲ್ಸ್‌ಟನ್‌ನ ಹಳೇ ಇಟ್ಟಿಗೆಗಳಲ್ಲಿ ಅವನ್ನು ಮಾಡಿದ ಗುಲಾಮರ ಬೆರಳಚ್ಚು ಉಂಟು, ಕೆಲವು ಮಕ್ಕಳದ್ದು. ಹೆಸರಿಲ್ಲ.

ರಾಲೀ ರಾಯರು: ಇದಕ್ಕೆ ನಾನೂ ಸೇರಿಸ್ತೀನಿ. ಗಾಡ್ಸ್‌ಡೆನ್ಸ್ ವಾರ್ಫ್ ಅಂತ ಒಂದು ಧಕ್ಕೆ, ಹಿಡಿದು ತಂದ ಆಫ್ರಿಕನ್ನರನ್ನ ಸಾವಿರಾರು ಸಂಖ್ಯೆಯಲ್ಲಿ ಇಳಿಸಿದ ಜಾಗ. ಅಲ್ಲೇ 2023ರಲ್ಲಿ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ತೆರೆದರು. ಆ ನೆಲದ ಮೇಲೆ ಕಟ್ಟಡ ಕೂರಬಾರದು ಅಂತ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದಾರೆ. ಸಮ್ಟರ್ ದೋಣಿ ಹತ್ತೋ ಲಿಬರ್ಟಿ ಸ್ಕ್ವೇರ್‌ಗೆ ತುಂಬ ಹತ್ತಿರ.

ಕುಮಟೆಯವಳು: ಊಟದ ಮಾತಾಡ್ತಾ ಅಕ್ಕಿ ಬಿಟ್ಟಿರಿ. ಚಾರ್ಲ್ಸ್‌ಟನ್‌ನ ಹಳೇ ದೊಡ್ಡ ಮನೆಗಳು ಎಷ್ಟೋ ಎದ್ದದ್ದು ‘ಕೆರೊಲಿನಾ ಗೋಲ್ಡ್’ ಅಕ್ಕಿಯ ದುಡ್ಡಲ್ಲಿ. ನಮ್ಮ ಕಡೆ ಗಜನಿ ಗದ್ದೆಗೆ ಉಪ್ಪುನೀರು ತಡೆಯಲಿಕ್ಕೆ ಮರದ ಬಾಗಿಲು ಇಡ್ತಾರಲ್ಲ, ಅಲ್ಲೂ ಹಾಗೇ ಬಾಗಿಲು ಇಟ್ಟಿದ್ದರು. ಕೆಲಸ ಮಾತ್ರ ಉಲ್ಟಾ: ಸಮುದ್ರದ ಉಬ್ಬರ ನದಿಯ ಸಿಹಿನೀರನ್ನ ಮೇಲೆ ತಳ್ಳಿದಾಗ ಅದನ್ನ ಗದ್ದೆ ಒಳಗೆ ಬಿಡೋದು. ಸಿಟಿ ಮಾರ್ಕೆಟ್ಟಲ್ಲಿ ಗುಲ್ಲಾ ಹೆಂಗಸರು (ಆ ಗುಲಾಮರ ಪೀಳಿಗೆಯವರು) ಸ್ವೀಟ್‌ಗ್ರಾಸ್ ಅನ್ನೋ ಹುಲ್ಲಿನ ಬುಟ್ಟಿ ಹೆಣೀತಾ ಕೂತಿರ್ತಾರೆ. ಅದರಲ್ಲಿ ಒಂದು ಅಗಲದ ತಟ್ಟೆ, ನೋಡಿದ ಕೂಡಲೇ ‘ಅಯ್ಯೋ ಗೆರಸಿ’ ಅಂದೆ. ನಿಜಕ್ಕೂ ಅದು ಭತ್ತ ಕೇರಲಿಕ್ಕೇ ಇದ್ದದ್ದು. ಬೆಲೆ ನೂರಾರು ಡಾಲರ್. ಚೌಕಾಸಿ ಮಾಡಬೇಡಿ ದಯವಿಟ್ಟು, ಒಂದೊಂದಕ್ಕೆ ವಾರಗಟ್ಟಲೆ ಕೂರ್ತಾರೆ.

ಧಾರವಾಡದಾಂವ: ಗೆರಸಿ ಮಾತಿಗೆ ನಾ ಸೋತೆ. ಆದ್ರೂ ರೇನ್‌ಬೋ ರೋ ಅಂತ ಬಣ್ಣ ಬಣ್ಣದ ಮನಿಗಳ ಸಾಲೈತಿ, ಅದರ ಮುಂದ ಒಂದು ಫೋಟೋ ತಗೀರಿ, ಸೀನಣ್ಣ. ಅದಕ್ಕೂ ಬ್ಯಾಡ ಅಂದ್ರ ನಿಮ್ಮ ಮನ್ಯಾಗ ನಿಮಗ ಊಟಾ ಸಿಗಂಗಿಲ್ಲ.

ತಿಂಡಿಪೋತ: ಅಮ್ಮನಿಗೆ ಒಂದು ಮರೆತಿದ್ದೆ! ಹೆದ್ದಾರಿ ಪಕ್ಕ ‘ಬಾಯ್ಲ್ಡ್ ಪೀನಟ್ಸ್’ ಬೋರ್ಡ್ ಕಂಡರೆ ಗಾಡಿ ನಿಲ್ಲಿಸಿ. ಸಿಪ್ಪೆ ಸಮೇತ ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿ. 2006ರಲ್ಲಿ ಸೌತ್ ಕೆರೊಲಿನಾ ಅದನ್ನ ರಾಜ್ಯದ ಅಧಿಕೃತ ಕುರುಕಲು ಅಂತ ಕಾನೂನೇ ಮಾಡಿದೆ. ಕೇಜನ್ ಅಂತಿರೋ ಖಾರದ ಮಸಾಲೆಯದು ಬೇಡ, ಬರೀ ಉಪ್ಪಿಂದು ಕೇಳಿ.

ಷಾರ್ಲಟ್ ಸೀನ: ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಸಮ್ಟರ್, ಮ್ಯೂಸಿಯಂ. ಭಾನುವಾರ ಮಾರ್ಕೆಟ್, ಆಮೇಲೆ ಮೆಕ್ಲಿಯಡ್. ಹೆಂಡತಿಗೆ ಈ ಮಾತೆಲ್ಲ ಓದಿ ಹೇಳಿದೆ, ‘ಅಲ್ಲೂ ಓಕ್ ಮರ ಇದೆ ತಾನೆ?’ ಅಂದಳು. ಇದೆ. ಅಮ್ಮ ಪುಳಿಯೋಗರೆ ಗೊಜ್ಜು ಈಗಲೇ ಡಬ್ಬಿಗೆ ತುಂಬಿಸಿಟ್ಟಾಯ್ತು. ಕಡಲೆಕಾಯಿಗೆ ಮಾತ್ರ ಒಂದೇ ಪ್ರಶ್ನೆ ಕೇಳಿದ್ರು: ‘ಸೇರೆಷ್ಟಂತೆ?’