ಜಪಾನಿನಲ್ಲಿ ಮಗುವಿಗೆ ಹೆಸರಿಡುವ ಮುಂಚೆ

ಮೊನ್ನೆ ಗುಂಪಿನಲ್ಲಿ ಒಬ್ಬ ತಂಗಿ ಕೇಳಿದ್ದರು, "ಇಲ್ಲೇ ಹೆರಿಗೆ ಅಕ್ಕ, ಜಪಾನಿನವರ ಬಾಯಿಗೆ ಸುಲಭವಾದ ಹೆಸರು ಹೇಳಿ" ಅಂತ. ನಾನು ಟೋಕಿಯೋದ ಎದೊಗಾವಾದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವಳು. ಉಚ್ಚಾರದ ಚಿಂತೆ ಆಮೇಲೆ ಮಾಡೋಣ ತಂಗಿ. ಮೊದಲು ಅರ್ಥ ನೋಡಿ. ಇಲ್ಲಿ ಹೆಸರು ಹೇಳಿದ ತಕ್ಷಣ ಜನ ಕೇಳುವುದು ಅದನ್ನೇ.

ನನ್ನ ಮಗ ಸುಹಾಸ ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಒಂದು ಹಾಳೆ ತಂದ. ನಿನ್ನ ಹೆಸರು ಯಾರು ಇಟ್ಟರು, ಯಾಕೆ ಇಟ್ಟರು, ಮನೆಯಲ್ಲಿ ಕೇಳಿ ಬರೆದುಕೊಂಡು ಬಾ ಅಂತ. ಚೆಂದದ ನಗು ಅನ್ನೋ ಅರ್ಥ ನನಗೆ ಗೊತ್ತಿತ್ತು. ಯಾಕೆ ಅನ್ನೋದು ಗೊತ್ತಿರಲಿಲ್ಲ. ಹೆಸರು ಆರಿಸಿದ್ದು ನಮ್ಮ ಅತ್ತೆ. ಧಾರವಾಡಕ್ಕೆ ಫೋನ್ ಮಾಡಿದೆವು. "ತೊಟ್ಟಿಲಲ್ಲಿ ಹಾಕಿದ ದಿನ ನಿದ್ದೆಯಲ್ಲೇ ನಕ್ಕಿದ್ದ, ಅದಕ್ಕೇ" ಅಂದರು. ಮಗ ಅದನ್ನೇ ಹಿರಾಗಾನದಲ್ಲಿ, ಅಂದರೆ ಉಚ್ಚಾರ ಬರೆಯುವ ಸರಳ ಜಪಾನಿ ಅಕ್ಷರದಲ್ಲಿ, ಗುಂಡಗೆ ಬರೆದ. ಅವನ ಕ್ಲಾಸಿನಲ್ಲಿ ಎಮಿ ಅನ್ನೋ ಹುಡುಗಿ ಇದ್ದಳು. ಅವಳ ಹೆಸರನ್ನೂ 'ನಗು' ಅನ್ನೋ ಕಾಂಜಿಯಲ್ಲೇ (ಕಾಂಜಿ ಅಂದರೆ ಒಂದೊಂದಕ್ಕೂ ಅರ್ಥವಿರುವ ಚೀನೀ ಮೂಲದ ಅಕ್ಷರ) ಬರೆಯುತ್ತಾರೆ. ಟೀಚರ್ ಇಬ್ಬರ ಹಾಳೆಯನ್ನೂ ಗೋಡೆಯ ಮೇಲೆ ಅಕ್ಕಪಕ್ಕ ಅಂಟಿಸಿದ್ದರು. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಜಪಾನಿನವರಿಗೆ ಹೆಸರು ಕೇಳಿದರೆ ಸಾಲದು, ಅದರ ಬರಹವೂ ಬೇಕು. ಯುಕಿ ಅಂತ ಹತ್ತು ಜನ ಇರಬಹುದು. ಒಬ್ಬರದು ಹಿಮ, ಒಬ್ಬರದು ಸುಖ, ಇನ್ನೊಬ್ಬರದು ಧೈರ್ಯ. ಕಾಂಜಿ ಬೇರೆಯಾದರೆ ಅರ್ಥವೂ ಬೇರೆ. ಇಚಿರೋ ಅಂದರೆ ಮೊದಲ ಮಗ, ಜಿರೋ ಎರಡನೆಯವನು. ಹಳೆಯ ಕಾಲದ ಹೆಣ್ಣುಮಕ್ಕಳ ಹೆಸರಿನ ಕೊನೆಗೆ ಬರುವ 'ಕೋ' ಅಂದರೆ ಮಗು. ಹೆಸರಿಗೆ ಯಾವ ಕಾಂಜಿ ಬಳಸಬಹುದು ಅಂತ ಸರ್ಕಾರದ ಪಟ್ಟಿಯೇ ಇದೆ: ದಿನಬಳಕೆಯ 2,136, ಅದರ ಮೇಲೆ ಹೆಸರಿಗೆ ಅಂತಲೇ 863. ಆದರೂ 1993ರಲ್ಲಿ ಒಬ್ಬ ತಂದೆ ಮಗನಿಗೆ ಅಕುಮಾ, ಅಂದರೆ ಪಿಶಾಚಿ, ಅಂತ ಹೆಸರಿಡಲು ಹೊರಟಿದ್ದ. ಎರಡೂ ಕಾಂಜಿ ಪಟ್ಟಿಯಲ್ಲೇ ಇದ್ದವು. ಅಕಿಶಿಮಾ ಊರಿನ ಕಚೇರಿ ತಡೆಯಿತು, ವಿಷಯ ಕೋರ್ಟಿಗೆ ಹೋಯಿತು. ಕೊನೆಗೆ ಆ ಮಗುವಿಗೆ ಬೇರೆ ಹೆಸರೇ ಬಂತು.

ಅಡ್ಡಹೆಸರಿನ, ಅಂದರೆ ಮನೆತನದ ಹೆಸರಿನ, ವಿಷಯಕ್ಕೆ ಬಂದರೆ ನಮ್ಮ ಉತ್ತರ ಕರ್ನಾಟಕದವರಿಗೆ ಇದು ತವರುಮನೆ ಇದ್ದ ಹಾಗೆ. ನಮ್ಮ ಹಾಗೆ ಇವರ ಅಡ್ಡಹೆಸರಿನಲ್ಲೂ ಸುತ್ತಲಿನ ಜಾಗವೇ ಇರುತ್ತೆ. ತನಕಾ ಅಂದರೆ ಗದ್ದೆಯ ನಡುವೆ. ಯಮಾದಾ ಬೆಟ್ಟದ ಗದ್ದೆ. ಯಮಾಮೋತೋ ಬೆಟ್ಟದ ಬುಡ. ನಕಾಮುರಾ ನಡುವಿನ ಹಳ್ಳಿ. ಹೋಂಡಾದಲ್ಲೂ ಗದ್ದೆಯೇ ಇದೆ! 'ದಾ' ಅನ್ನೋ ಆ ಕಾಂಜಿ ನೋಡಿ, ಒಂದು ಚೌಕ, ಒಳಗೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ಬದು ಹಾಕಿದ ಹೊಲವೇ. ಸಾಮಾನ್ಯ ಜನ ಅಡ್ಡಹೆಸರು ಇಟ್ಟುಕೊಳ್ಳಬಹುದು ಅಂತ ಸರ್ಕಾರ ಹೇಳಿದ್ದು 1870ರಲ್ಲಿ. ಇಟ್ಟುಕೊಳ್ಳಲೇಬೇಕು ಅಂತ ಕಡ್ಡಾಯವಾಗಿದ್ದು 1875ರಲ್ಲಿ.

ನಮ್ಮ ಪಕ್ಕದ ಮನೆ ಅಜ್ಜಿ ಇನೋಉಎ ಸಾನ್ ('ಸಾನ್' ಅಂದರೆ ನಮ್ಮ 'ಅವರು' ಇದ್ದ ಹಾಗೆ). ಬಾವಿಯ ಮೇಲೆ ಅಂತ ಅರ್ಥ. ಒಂದು ದಿನ ಲಿಫ್ಟಿನ ಹತ್ತಿರ ನಿಂತು ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ಎರಡು ಅಡ್ಡ ಗೆರೆ, ಎರಡು ಉದ್ದ ಗೆರೆ. ಬಾವಿ ಬಾಯಿಗೆ ಹಾಕುವ ಮರದ ಚೌಕಟ್ಟು. ನಮ್ಮ ತವರಿನ ಅಡ್ಡಹೆಸರು ಬಾವಿಕಟ್ಟಿ ಅಂದೆ. ಅರ್ಥ ಬಿಡಿಸಿ ಹೇಳಿದ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು. ಅವತ್ತಿನಿಂದ ನಾವು ಸುಮ್ನೆ ಅಕ್ಕಪಕ್ಕದವರಾಗಿ ಉಳಿದಿಲ್ಲ.

ಉಚ್ಚಾರದ ಬಗ್ಗೆಯೂ ಹೇಳಿಬಿಡುತ್ತೇನೆ. ಇವರಲ್ಲಿ ಲ ಇಲ್ಲ, ಳ ಇಲ್ಲ. ಲೀಲಾ ಇಲ್ಲಿ ರೀರಾ ಆಗುತ್ತಾಳೆ. ಉಮಾ ಅಂದರೆ ಜಪಾನಿ ಭಾಷೆಯಲ್ಲಿ ಕುದುರೆ. ಹಾಗಂತ ಇಷ್ಟದ ಹೆಸರು ಬಿಡಬೇಡಿ. ದೇವಿಯ ಹೆಸರು ಅಂತ ಮಗು ಹೇಳಿದರೆ ಕೇಳಿದವರು ತಲೆಬಾಗುತ್ತಾರೆ. ಇನ್ನೊಂದು, ಶಾಲೆಯಲ್ಲಿ ಮಕ್ಕಳನ್ನು ಅಡ್ಡಹೆಸರಿನಿಂದ ಕರೆಯುವುದು ಜಾಸ್ತಿ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಹಾಕಿಸಿದರೆ ಮಗುವನ್ನು ಅಪ್ಪನ ಹೆಸರಿನಿಂದ ಮಂಜುನಾಥ ಕುನ್ ('ಕುನ್' ಅಂತ ಹುಡುಗರ ಹೆಸರಿಗೆ ಸೇರಿಸುತ್ತಾರೆ) ಅಂತಲೇ ಕರೆಯಬಹುದು. ಯಾವ ಹೆಸರಿನಿಂದ ಕರೆಯಬೇಕು ಅಂತ ಸೇರಿಸುವಾಗಲೇ ಟೀಚರಿಗೆ ಹೇಳಿ.

ಹುಟ್ಟಿದ 14 ದಿನದೊಳಗೆ ವಾರ್ಡ್ ಆಫೀಸಿನಲ್ಲಿ ಬರೆಸಬೇಕು ತಂಗಿ. ಇವರು ಏಳನೇ ರಾತ್ರಿ ಕುಂಚದಲ್ಲಿ ಹೆಸರು ಬರೆದು ಗೋಡೆಗೆ ತೂಗುಹಾಕುತ್ತಾರೆ. ನಮ್ಮ ಹದಿಮೂರನೇ ದಿನದ ತೊಟ್ಟಿಲೂ ಅಷ್ಟರೊಳಗೆ ಆಗುತ್ತೆ ಅಲ್ವಾ? ಊರಿಗೆ ಈಗಲೇ ಫೋನ್ ಮಾಡಿ, ಅಜ್ಜಿಯ ಮನಸ್ಸಿನಲ್ಲಿ ಯಾವ ಹೆಸರಿದೆ, ಯಾಕೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಎರಡನೇ ಕ್ಲಾಸಿಗೆ ಆ ಹಾಳೆ ಬಂದೇ ಬರುತ್ತೆ.